ಬೇರೆ ಪದವಿ ಓದಿ ಮೇಷ್ಟ್ರಾಗಲು ಹೊರಟರೆ: ಒಂದು ಬಾಗಿಲು ಬಿಗಿ, ಇನ್ನೊಂದು ಸಡಿಲ

ಐಟಿ ಕಂಪನಿಗಳು ಜನರನ್ನು ಮನೆಗೆ ಕಳಿಸುವ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನ ಸಾಕಷ್ಟು ಮನೆಗಳಲ್ಲಿ ಒಂದು ಮಾತು ಏಳುತ್ತದೆ: ‘ಇದೆಲ್ಲ ಸಾಕು, ಯಾವುದಾದರೂ ಸ್ಕೂಲಲ್ಲಿ ಪಾಠ ಮಾಡ್ಕೊಂಡು ಇದ್ದುಬಿಡ್ತೀನಿ.’ ಹಾಗನ್ನುವವರು ಬಿ.ಇ. ಓದಿರುತ್ತಾರೆ, ಬಿ.ಕಾಂ. ಮಾಡಿ ಬ್ಯಾಂಕಿನಲ್ಲೋ ಆಡಿಟರ್ ಕಚೇರಿಯಲ್ಲೋ ಹತ್ತು ಹದಿನೈದು ವರ್ಷ ಸವೆಸಿರುತ್ತಾರೆ, ಇಲ್ಲವೇ ಫಾರ್ಮಸಿ ಮುಗಿಸಿ ಔಷಧ ಕಂಪನಿಯ ಬ್ಯಾಗು ಹೊತ್ತು ಊರೂರು ಸುತ್ತಿರುತ್ತಾರೆ. ಮೇಷ್ಟ್ರ ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ, ಮನಸ್ಸು ಮಾಡಿದ ದಿನ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಮಾತ್ರ ಎಲ್ಲರದೂ ಒಂದೇ.

ಅದರಲ್ಲಿ ಅರ್ಧ ನಿಜವಿದೆ. ಜೂನ್ ಮೊದಲ ವಾರ ಹೊಸ ಬಡಾವಣೆಯ ಸಾಧಾರಣ ಖಾಸಗಿ ಶಾಲೆಯೊಂದಕ್ಕೆ ಹೋಗಿ ನಿಂತರೆ, ಒಂದು ಡೆಮೊ ಕ್ಲಾಸ್ ಮಾಡಿಸಿ ‘ನಾಳೆಯಿಂದಲೇ ಬನ್ನಿ’ ಎಂದರೂ ಎಂದಾರು. ಅದೇ ವ್ಯಕ್ತಿ ಸರ್ಕಾರಿ ಶಾಲೆಯ ಕಾಯಂ ಶಿಕ್ಷಕನಾಗಲು ಹೊರಟರೆ ಬಿ.ಎಡ್., ಟಿಇಟಿ ಎಂಬ ಅರ್ಹತಾ ಪರೀಕ್ಷೆ, ನೇಮಕಾತಿ ಪರೀಕ್ಷೆ, ಅದರ ಮೇಲಿನ ಕೋರ್ಟ್ ಕೇಸು ಎಲ್ಲ ದಾಟುವಷ್ಟರಲ್ಲಿ ನಾಲ್ಕೈದು ವರ್ಷ ಸಲೀಸಾಗಿ ಉರುಳುತ್ತವೆ. ಒಂದು ಬಾಗಿಲು ತೀರಾ ಬಿಗಿ, ಇನ್ನೊಂದು ತೀರಾ ಸಡಿಲ. ಬೇರೆ ವೃತ್ತಿಯಲ್ಲಿ ಪಳಗಿದವರನ್ನು ಕರೆದು, ತಿದ್ದಿ, ತಕ್ಕ ಸಂಬಳ ಕೊಟ್ಟು ತರಗತಿಗೆ ಕಳಿಸುವ ದಾರಿಯೊಂದು ಇವೆರಡರ ನಡುವೆ ಇರಬೇಕಿತ್ತು. ನಮ್ಮ ರಾಜ್ಯದಲ್ಲಿ ಅದನ್ನು ಯಾರೂ ಕಟ್ಟಿಲ್ಲ.

ಕಾನೂನು ಕೇಳುವುದೇನು

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಶಿಕ್ಷಕರ ಕನಿಷ್ಠ ಅರ್ಹತೆ ಏನಿರಬೇಕೆಂದು ಹೇಳುವ ಅಧಿಕಾರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನದು, ಅಂದರೆ ಎನ್‌ಸಿಟಿಇಯದು. ಅದು ಅದೇ ವರ್ಷ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯೇ ಇವತ್ತಿಗೂ ಬುನಾದಿ. 1ರಿಂದ 5ನೇ ತರಗತಿಗೆ ಪಿಯುಸಿ ಮತ್ತು ಎರಡು ವರ್ಷದ ಶಿಕ್ಷಕ ತರಬೇತಿ ಡಿಪ್ಲೊಮಾ ಡಿ.ಎಲ್.ಎಡ್. (ಹಿಂದೆ ಟಿ.ಸಿ.ಎಚ್., ಆಮೇಲೆ ಡಿ.ಎಡ್. ಎನ್ನುತ್ತಿದ್ದದ್ದು) ಬೇಕು. 6ರಿಂದ 8ಕ್ಕೆ ಪದವಿ ಮತ್ತು ಡಿ.ಎಲ್.ಎಡ್. ಅಥವಾ ಬಿ.ಎಡ್. ಎರಡು ಹಂತಕ್ಕೂ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪಾಸಾಗಿರಬೇಕು. ಪ್ರೌಢಶಾಲೆಗೆ ಪದವಿ ಮತ್ತು ಬಿ.ಎಡ್., ಪಿಯು ಕಾಲೇಜಿಗೆ ಸ್ನಾತಕೋತ್ತರ ಪದವಿ ಮತ್ತು ಬಿ.ಎಡ್.

ಟಿಇಟಿಯ ಒಂದು ಪತ್ರಿಕೆ 150 ಅಂಕದ್ದು. ಸಾಮಾನ್ಯ ವರ್ಗದವರು ಶೇ 60 ತೆಗೆಯಬೇಕು, ಮೀಸಲು ವರ್ಗಗಳಿಗೆ ರಿಯಾಯಿತಿಯಿದೆ. ಒಮ್ಮೆ ಪಾಸಾದರೆ ಏಳು ವರ್ಷ ಮಾತ್ರ ಊರ್ಜಿತ ಎಂಬ ನಿಯಮವಿತ್ತು, 2021ರಲ್ಲಿ ಅದನ್ನು ಜೀವನಪೂರ್ತಿ ಮಾಡಿದರು. ಅರ್ಜಿ ಹಾಕಲು ವರ್ಷಗಟ್ಟಲೆ ಕಾಯಬೇಕಾದ ರಾಜ್ಯದಲ್ಲಿ ಇದು ಸಣ್ಣ ಉಪಕಾರವಲ್ಲ.

ಇಲ್ಲಿಯವರೆಗಿನ ಪಟ್ಟಿಯನ್ನು ಕೋಚಿಂಗ್ ಕೇಂದ್ರದ ಪಾಂಪ್ಲೆಟ್ಟಿನಲ್ಲೇ ಓದಬಹುದು. ಬೇರೆ ಪದವಿಯವರು ಎಡವುವುದು ಇದರ ಮುಂದೆ. ‘ಯಾವ ಪದವಿ?’ ಎಂಬುದಕ್ಕಿಂತ ‘ಪದವಿಯಲ್ಲಿ ಯಾವ ವಿಷಯ ಓದಿದ್ದೀರಿ?’ ಎಂಬುದು ಈ ವ್ಯವಸ್ಥೆಯ ನಿಜವಾದ ಪ್ರಶ್ನೆ. ನಮ್ಮ ಪ್ರೌಢಶಾಲೆಗಳಲ್ಲಿ ಶಿಕ್ಷಕರನ್ನು ಗುರುತಿಸುವುದೇ ಹಾಗೆ: ಇವರು ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ), ಅವರು ಸಿಬಿಝಡ್ (ರಸಾಯನವಿಜ್ಞಾನ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಆಚೆಯವರು ಕಲಾ ವಿಭಾಗ, ಇನ್ನೊಬ್ಬರು ಭಾಷೆ. ಈ ಚೌಕಟ್ಟುಗಳು ರೂಪುಗೊಂಡದ್ದು ಮೂರು ಐಚ್ಛಿಕ ವಿಷಯಗಳ ಬಿ.ಎ., ಬಿ.ಎಸ್ಸಿ.ಗಳನ್ನು ಎದುರಿಗಿಟ್ಟುಕೊಂಡು. ಆಮೇಲೆ ಪದವಿಗಳು ಹತ್ತಾರು ಬಗೆಯಾದವು, ಚೌಕಟ್ಟುಗಳು ಇದ್ದಲ್ಲೇ ಇವೆ.

ಯಾವ ಪದವಿಗೆ ಎಲ್ಲಿ ಜಾಗ

ಎಂಜಿನಿಯರುಗಳ ಸ್ಥಿತಿ ಅಷ್ಟೇನೂ ಕೆಟ್ಟದಾಗಿಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿ ವಿಜ್ಞಾನ–ಗಣಿತದ ಹಿನ್ನೆಲೆಯ ಎಂಜಿನಿಯರಿಂಗ್ ಪದವಿಯಲ್ಲಿ ಶೇ 55 ಅಂಕವಿದ್ದವರನ್ನು ಬಿ.ಎಡ್.ಗೆ ಸೇರಿಸಿಕೊಳ್ಳಬಹುದು ಎಂದಿದೆ. (ಬಿ.ಎ., ಬಿ.ಎಸ್ಸಿ.ಯವರಿಗೆ ಶೇ 50 ಸಾಕು. ಎಂಜಿನಿಯರಿಗೇಕೆ ಐದು ಅಂಕ ಹೆಚ್ಚು ಎಂಬುದಕ್ಕೆ ನನಗಂತೂ ತರ್ಕ ಕಂಡಿಲ್ಲ.) 2022ರಲ್ಲಿ ರಾಜ್ಯ ಸರ್ಕಾರ 6ರಿಂದ 8ನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಹೊರಟಾಗ ಬಿ.ಎಡ್. ಮಾಡಿದ ಎಂಜಿನಿಯರುಗಳಿಗೂ ಅವಕಾಶ ಕೊಟ್ಟಿತು. ಗಣಿತ–ವಿಜ್ಞಾನಕ್ಕೆ ಜನ ಸಿಗದ ಇಕ್ಕಟ್ಟೇ ಇದಕ್ಕೆ ಕಾರಣವಿದ್ದೀತು.

ಆದರೆ ಬಿ.ಎಡ್. ಪ್ರವೇಶದ ನಿಯಮ ಬೇರೆ, ಹುದ್ದೆಯ ನೇಮಕಾತಿ ನಿಯಮ ಬೇರೆ. ಜನ ಹಣ ಕಳೆದುಕೊಳ್ಳುವುದು ಈ ವ್ಯತ್ಯಾಸ ತಿಳಿಯದೆ. ಬಿ.ಎಡ್. ಕಾಲೇಜಿನವರು ಸೀಟು ತುಂಬಬೇಕು, ಹಾಗಾಗಿ ‘ನಿಮ್ಮ ಡಿಗ್ರಿ ನಡೆಯುತ್ತೆ ಸರ್’ ಎನ್ನುತ್ತಾರೆ. ಎರಡು ವರ್ಷ ಕಳೆದು ಅರ್ಜಿ ಹಾಕುವಾಗ, ಹುದ್ದೆಗೆ ಬೇಕಾದ ವಿಷಯ ಅಂಕಪಟ್ಟಿಯಲ್ಲಿ ಬೇಕಾದಷ್ಟು ವರ್ಷ ಇಲ್ಲ ಎಂದು ತಿಳಿಯುತ್ತದೆ. ಕೇಂದ್ರೀಯ ವಿದ್ಯಾಲಯದ ಗಣಿತದ ಟಿಜಿಟಿ (ಪದವೀಧರ ಶಿಕ್ಷಕ) ಹುದ್ದೆಯನ್ನೇ ನೋಡಿ: ಪದವಿಯಲ್ಲಿ ಗಣಿತವಿದ್ದು, ಅದರ ಜತೆಗೆ ಭೌತವಿಜ್ಞಾನ, ರಸಾಯನವಿಜ್ಞಾನ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಸಂಖ್ಯಾಶಾಸ್ತ್ರ ಇವುಗಳಲ್ಲಿ ಎರಡು ಇರಬೇಕು. ಗಣಿತ ಬರುತ್ತದೆ ಎನ್ನುವುದು ಸಾಲದು, ಬಂತು ಎಂದು ವಿಶ್ವವಿದ್ಯಾಲಯ ಬರೆದುಕೊಟ್ಟಿರಬೇಕು.

ನಿಜವಾಗಿ ಸಿಕ್ಕಿಕೊಳ್ಳುವವರು ಬಿ.ಕಾಂ., ಬಿ.ಬಿ.ಎಂ.ನವರು. ರಾಜ್ಯ ಪಠ್ಯಕ್ರಮದಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ವಾಣಿಜ್ಯ ಪ್ರತ್ಯೇಕ ವಿಷಯವೇ ಅಲ್ಲ, ಸಮಾಜ ವಿಜ್ಞಾನದ ಪುಸ್ತಕದ ಕೊನೆಯಲ್ಲಿ ವ್ಯವಹಾರ ಅಧ್ಯಯನದ ಕೆಲವು ಪಾಠಗಳಿವೆ, ಅಷ್ಟೇ. ಅವರ ಸಹಜ ಜಾಗ ಪಿಯು ಕಾಲೇಜು, ಅಲ್ಲಿಗೆ ಎಂ.ಕಾಂ. ಬೇಕು. ಬಿ.ಸಿ.ಎ.ಯವರ ಕಥೆಯೂ ಹೆಚ್ಚುಕಡಿಮೆ ಇದೇ. ಕೇಂದ್ರೀಯ ವಿದ್ಯಾಲಯಗಳಲ್ಲಿ ಕಂಪ್ಯೂಟರ್ ಸೈನ್ಸ್ ಪಿಜಿಟಿ (ಸ್ನಾತಕೋತ್ತರ ಶಿಕ್ಷಕ) ಹುದ್ದೆಗೆ ಎಂ.ಸಿ.ಎ., ಕಂಪ್ಯೂಟರ್ ಸೈನ್ಸ್ ಬಿ.ಇ. ಓದಿದವರನ್ನು ಪರಿಗಣಿಸುತ್ತಾರೆ, ಆದರೆ ಆ ಹುದ್ದೆಗಳು ಬೆರಳೆಣಿಕೆಯವು.

ಈ ಚೌಕಟ್ಟನ್ನು ದಾಟಲು ಜನ ಕಂಡುಕೊಂಡ ದಾರಿ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಎನ್‌ಸಿಟಿಇ ನಿಯಮದಲ್ಲಿ ಬಿ.ಎಡ್.ಗೆ ಪದವಿಯ ಅಂಕ ಅಥವಾ ಸ್ನಾತಕೋತ್ತರ ಪದವಿಯ ಅಂಕ ಎರಡರಲ್ಲಿ ಯಾವುದಾದರೂ ಆಗುತ್ತದೆ. ಹಾಗಾಗಿ ಬಿ.ಕಾಂ. ಮುಗಿಸಿದವರು ಇಂಗ್ಲಿಷ್ ಎಂ.ಎ. ಕಟ್ಟಿ, ಬಿ.ಎಡ್. ಮಾಡಿ, ಭಾಷಾ ಶಿಕ್ಷಕರಾಗಿ ಬರುತ್ತಾರೆ. ಇದನ್ನು ಅಡ್ಡದಾರಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೂವತ್ತೈದರಲ್ಲಿ ತಾನಾಗಿ ಇಷ್ಟಪಟ್ಟು ಓದಿದ ಎಂ.ಎ., ಹದಿನೆಂಟರಲ್ಲಿ ಸೀಟು ಸಿಕ್ಕಿದ್ದಕ್ಕೆ ಸೇರಿಕೊಂಡ ಬಿ.ಎ.ಗಿಂತ ಕಡಿಮೆಯದೇನಲ್ಲ. ಕನ್ನಡದ ವಿಷಯದಲ್ಲಂತೂ ಇದಕ್ಕೆ ಇನ್ನೊಂದು ಕಾರಣ ಸೇರಿದೆ: 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದಮೇಲೆ ಸಿಬಿಎಸ್ಇ, ಐಸಿಎಸ್ಇ ಶಾಲೆಗಳೂ ಕನ್ನಡ ಕಲಿಸಬೇಕಾಯಿತು. ಮನೆಯಲ್ಲಿ ಕನ್ನಡ ಆಡದ ಮಕ್ಕಳಿಗೆ ಅದನ್ನು ಹೊಸ ಭಾಷೆಯಾಗಿ ಕಲಿಸಬಲ್ಲವರು ಬೇಕು. ಹಳಗನ್ನಡ ಕಾವ್ಯ ಓದಿ ಬಂದ ಎಂ.ಎ.ಗಿಂತ, ಬೇರೆ ಭಾಷೆಯವರ ನಡುವೆ ಹತ್ತು ವರ್ಷ ಕಚೇರಿ ಮಾಡಿ ‘ಕನ್ನಡ ಗೊತ್ತಿಲ್ಲ’ ಎಂಬವರಿಗೆ ಮಾತು ಕಲಿಸಿದವರು ಅಲ್ಲಿ ಹೆಚ್ಚು ಉಪಯೋಗಕ್ಕೆ ಬಂದಾರು.

ಪದವಿ ಯಾವುದಾದರೂ ಪರವಾಗಿಲ್ಲ ಎನ್ನುವ ಒಂದೇ ಜಾಗ 1ರಿಂದ 5ನೇ ತರಗತಿ. ಅಲ್ಲಿ ಲೆಕ್ಕಕ್ಕೆ ಬರುವುದು ಪಿಯುಸಿ ಅಂಕ ಮತ್ತು ಡಿ.ಎಲ್.ಎಡ್. ನರ್ಸಿಂಗ್ ಮಾಡಿದವರೂ ಲಾ ಓದಿದವರೂ ಪಿಯುಸಿಯಲ್ಲಿ ಶೇ 50 ಇದ್ದರೆ ಸೇರಬಹುದು. ಆದರೂ ವೃತ್ತಿ ಬದಲಿಸುವವರು ಆ ಕಡೆ ತಲೆ ಹಾಕುವುದಿಲ್ಲ, ಪದವಿ ಮುಗಿಸಿ ಮತ್ತೆ ಪಿಯುಸಿ ಮಟ್ಟದ ಕೋರ್ಸೇ ಎಂಬ ಮುಜುಗರ. ಬಿ.ಎಡ್. ಮಾಡಿಬಿಟ್ಟರೆ ಕೆಳಗಿನ ತರಗತಿಗೂ ಆಗುತ್ತದಲ್ಲ ಎಂಬ ಲೆಕ್ಕಾಚಾರವೂ ಇತ್ತು. ಎನ್‌ಸಿಟಿಇ 2018ರ ಜೂನ್‌ನಲ್ಲಿ ಹಾಗೆ ಅವಕಾಶ ಕೊಟ್ಟಿತ್ತು ಕೂಡ. 2023ರ ಆಗಸ್ಟ್ 11ರಂದು, ರಾಜಸ್ಥಾನದಿಂದ ಬಂದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ, ಬಿ.ಎಡ್.ನಲ್ಲಿ ಅದನ್ನು ಹೇಳಿಕೊಡುವುದಿಲ್ಲ ಎಂಬುದು ತೀರ್ಪಿನ ತಿರುಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿಯ ಒಂದು ತರಗತಿಯಲ್ಲಿ ಅರ್ಧ ಗಂಟೆ ಕೂತವರಿಗೆ ಈ ತೀರ್ಪು ಆಶ್ಚರ್ಯ ತರಲಾರದು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ, ಒಬ್ಬೊಬ್ಬರು ಒಂದೊಂದು ಕಾರ್ಡು ಹಿಡಿದು ಕೂತಿರುತ್ತಾರೆ. ಅದನ್ನು ಸಂಭಾಳಿಸಲು ಎಂ.ಟೆಕ್. ಸಹಾಯಕ್ಕೆ ಬರುವುದಿಲ್ಲ.

ಬಿ.ಎಡ್. ಬರೀ ಕಾಗದವೇ?

ಎರಡು ವರ್ಷ ಯಾಕೆ, ಕೆಲಸ ಮಾಡಿಕೊಂಡೇ ದೂರಶಿಕ್ಷಣದಲ್ಲಿ ಮುಗಿಸಿದರಾಗದೇ ಎಂದು ಕೇಳುವವರು ತುಂಬ. ಆಗುವುದಿಲ್ಲ. ಇಗ್ನೋ ಆಗಲಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಾಗಲಿ, ದೂರಶಿಕ್ಷಣದ ಬಿ.ಎಡ್. ಇರುವುದು ಈಗಾಗಲೇ ತರಬೇತಿ ಪಡೆದು ಕಲಿಸುತ್ತಿರುವ ಪ್ರಾಥಮಿಕ ಶಿಕ್ಷಕರಿಗೆ, ಅಥವಾ ಮುಖಾಮುಖಿ ತರಗತಿಯಲ್ಲಿ ಡಿ.ಎಲ್.ಎಡ್.ನಂಥ ಕೋರ್ಸು ಮುಗಿಸಿದವರಿಗೆ. ಹೊಸಬರಿಗಲ್ಲ.

ಹಾಗಾದರೆ ಹೊಸಬರು ಏನು ಮಾಡುತ್ತಾರೆ? ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ಸಂಗತಿ: ದೂರದ ಯಾವುದೋ ಊರಿನ ಕಾಲೇಜಿನಲ್ಲಿ ಹೆಸರು ನೋಂದಾಯಿಸಿ, ‘ಅಟೆಂಡೆನ್ಸ್ ನಾವು ನೋಡ್ಕೋತೀವಿ’ ಎಂಬ ಭರವಸೆಯ ಮೇಲೆ ಫೀಸು ಕಟ್ಟಿ, ಪರೀಕ್ಷೆಗಷ್ಟೇ ಹೋಗಿಬರುತ್ತಾರೆ. ನಿಯಮದಲ್ಲಿ ತರಗತಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಕಡ್ಡಾಯ. ಪಾಠ ಯೋಜನೆಯ ದಪ್ಪ ಪುಸ್ತಕವನ್ನೂ ಬೋಧನೋಪಕರಣದ ಚಾರ್ಟುಗಳನ್ನೂ ದುಡ್ಡಿಗೆ ಬರೆದುಕೊಡುವವರು ಸಿಗುತ್ತಾರೆ.

ಇದರಿಂದ ನಷ್ಟವಾಗುವುದು ಏನು? ಥಿಯರಿ ಹೋದರೆ ಹೋಗಲಿ ಎನ್ನಿ. ಸಹಪಾಠಿಗಳೇ ಮಕ್ಕಳಂತೆ ಕೂತು ಐದೈದು ನಿಮಿಷ ಪಾಠ ಕೇಳುವ ಮೈಕ್ರೋ ಟೀಚಿಂಗ್ ಕೂಡ ಬಹುಮಟ್ಟಿಗೆ ನಾಟಕವೇ. ಆದರೆ 2015ರಲ್ಲಿ ಒಂದು ವರ್ಷದ ಬಿ.ಎಡ್. ಎರಡು ವರ್ಷವಾದಾಗ ಸೇರಿದ ಮುಖ್ಯ ಭಾಗ ಶಾಲೆಯ ಒಳಗಿನ 20 ವಾರ, ಮೊದಲ ವರ್ಷ 4, ಎರಡನೇ ವರ್ಷ 16. ವಿಷಯ ಬಲ್ಲವರಿಗೆ ಬಿ.ಎಡ್.ನಲ್ಲಿ ಸಿಗುವುದು ಏನಾದರೂ ಇದ್ದರೆ ಆ ವಾರಗಳಲ್ಲಿ.

ಆರನೇ ತರಗತಿಯ ಭಿನ್ನರಾಶಿ ಪಾಠವನ್ನು ಹತ್ತಿರದಿಂದ ನೋಡೋಣ. 1/2 + 1/3 ಎಷ್ಟು ಎಂದರೆ ತರಗತಿಯಲ್ಲಿ ಕೆಲವರಾದರೂ 2/5 ಎಂದು ಬರೆಯುತ್ತಾರೆ. ಹೊಸದಾಗಿ ಬಂದ ಎಂಜಿನಿಯರ್ ಅದನ್ನು ನೋಡಿ ‘ತಪ್ಪು, ಲಸಾಅ ತಗೊಳಿ’ ಎಂದು ಬೋರ್ಡಿನ ಮೇಲೆ ಮಾಡಿ ತೋರಿಸುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ, 5/6 ಬರುತ್ತದೆ, ಎಲ್ಲರಿಗೂ ಸಮಾಧಾನ. ಮರುದಿನ 2/3 + 1/4 ಕೊಟ್ಟರೆ ಅದೇ ಮಕ್ಕಳು 3/7 ಬರೆದಿರುತ್ತಾರೆ. ಅನುಭವಿ ಟೀಚರ್ ಮೊದಲ ದಿನವೇ ಬೇರೆ ಪ್ರಶ್ನೆ ಹಾಕುತ್ತಾರೆ: ‘ಅರ್ಧ ದೊಡ್ಡದಾ, ಐದರಲ್ಲಿ ಎರಡು ದೊಡ್ಡದಾ?’ ಎರಡು ಕಾಗದದ ಪಟ್ಟಿ ಮಡಿಸಿ ಪಕ್ಕಪಕ್ಕ ಇಟ್ಟಾಗ, ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅದು ಅರ್ಧಕ್ಕಿಂತ ಚಿಕ್ಕದಾಗಿದ್ದು ಹೇಗೆ ಎಂಬ ಗೊಂದಲ ಮಗುವಿಗೇ ಹುಟ್ಟುತ್ತದೆ. ಅಷ್ಟೇ ಅಲ್ಲ, ಮಗು ಆ ಉತ್ತರಕ್ಕೆ ಬಂದದ್ದೂ ಸುಮ್ಮನಲ್ಲ. ಕಬಡ್ಡಿಯಲ್ಲಿ ಮೊದಲ 2 ರೈಡಿನಲ್ಲಿ 1 ಪಾಯಿಂಟು, ಆಮೇಲಿನ 3 ರೈಡಿನಲ್ಲಿ 1 ಪಾಯಿಂಟು ಬಂದರೆ ಒಟ್ಟು 5ರಲ್ಲಿ 2 ಎಂದೇ ಲೆಕ್ಕ. ಅಲ್ಲಿ ಮಗುವಿನ ಕೂಡಿಕೆ ಸರಿ. ಇಲ್ಲಿ ಯಾಕೆ ತಪ್ಪಾಯಿತು ಎಂದು ಹೇಳಬೇಕಾದರೆ ಎರಡಕ್ಕೂ ಇರುವ ವ್ಯತ್ಯಾಸ ಟೀಚರಿಗೆ ಥಟ್ಟನೆ ಹೊಳೆಯಬೇಕು. ಕ್ಯಾಲ್ಕುಲಸ್ ಬಲ್ಲವರಿಗೆ ಇದು ತಾನಾಗಿ ಬರುವುದಿಲ್ಲ. ಎಷ್ಟೋ ಸಲ ಚೆನ್ನಾಗಿ ಬಲ್ಲವರಿಗೇ ಕಷ್ಟ, ಏಕೆಂದರೆ ತಾವು ಅಲ್ಲಿ ಯಾವಾಗ ತಡವರಿಸಿದ್ದೆವು ಎಂಬುದೇ ಅವರಿಗೆ ಮರೆತಿರುತ್ತದೆ.

ಹಾಗಾಗಿ ಹಾಜರಿಯಿಲ್ಲದ ಬಿ.ಎಡ್. ಮಾಡಿದವರು ಕಳೆದುಕೊಳ್ಳುವುದು ತಮ್ಮ ಪದವಿಗೂ ತರಗತಿಗೂ ನಡುವಿನ ಅಂತರವನ್ನು ತುಂಬಿಕೊಳ್ಳಲು ಸಿಗುತ್ತಿದ್ದ ಒಂದೇ ಅವಕಾಶವನ್ನು. ತಾವೇ ಕಳೆದುಕೊಂಡರೆ ಅವರ ಪಾಡು. ಮೊದಲ ಎರಡು ವರ್ಷ ಅವರ ಕೈಗೆ ಸಿಕ್ಕ ಮಕ್ಕಳಿಗೆ ಆ ಆಯ್ಕೆ ಇರಲಿಲ್ಲ.

ಬಿಗಿ ಬಾಗಿಲು

ಸರ್ಕಾರಿ ನೇಮಕಾತಿಯ ವಿಚಿತ್ರವೆಂದರೆ ಹುದ್ದೆಗಳೂ ಖಾಲಿ, ಅಭ್ಯರ್ಥಿಗಳೂ ಖಾಲಿ. 2022ರ ಮಾರ್ಚ್‌ನಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅಧಿಸೂಚನೆ ಬಂತು, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಧಾರವಾಡದಿಂದ ಬೆಂಗಳೂರಿನ ವಿಜಯನಗರದವರೆಗೆ ಕೋಚಿಂಗ್ ಕೋಣೆಗಳು ತುಂಬಿ ತುಳುಕಿದವು. ಇಷ್ಟಾಗಿಯೂ ಅಷ್ಟೂ ಹುದ್ದೆಗಳು ತುಂಬಲಿಲ್ಲ, ಸಾವಿರಕ್ಕೂ ಹೆಚ್ಚು ಉಳಿದವು. ಅದರ ಹಿಂದಿನ ಸುತ್ತಿನಲ್ಲಂತೂ ಬಹುಪಾಲು ಹುದ್ದೆ ಖಾಲಿಯೇ ಉಳಿದಿದ್ದವು. ವಿಷಯ ಪತ್ರಿಕೆಯಲ್ಲಿ ವಿವರಣಾತ್ಮಕ ಉತ್ತರ ಬರೆಯಬೇಕು, ಭಾಷಾ ಸಾಮರ್ಥ್ಯದ ಪತ್ರಿಕೆಯೊಂದು ಬೇರೆ ಇದೆ, ಎರಡರಲ್ಲೂ ಕನಿಷ್ಠ ಅಂಕ ತೆಗೆಯಬೇಕು. ಕಚೇರಿಯಲ್ಲಿ ಹದಿನೈದು ವರ್ಷ ಇಂಗ್ಲಿಷ್ ಈಮೇಲ್ ಬರೆದವರಿಗೆ ಪ್ರಕಾಶ ಸಂಶ್ಲೇಷಣೆಯ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯುವುದೆಂದರೆ ಏನೆಂದು ಅಲ್ಲಿ ಕೂತಾಗ ಗೊತ್ತಾಗುತ್ತದೆ.

ಪರೀಕ್ಷೆ ನಡೆದದ್ದು ಆ ವರ್ಷದ ಮೇ ತಿಂಗಳಲ್ಲಿ. ಮದುವೆಯಾದ ಮಹಿಳಾ ಅಭ್ಯರ್ಥಿಗಳ ಜಾತಿ–ಆದಾಯ ಪ್ರಮಾಣಪತ್ರ ತಂದೆಯದಿರಬೇಕೋ ಗಂಡನದೋ ಎಂಬ ತಕರಾರು ಹೈಕೋರ್ಟ್ ಹತ್ತಿತು, ಪಟ್ಟಿ ಬದಲಾಯಿತು, ಆಯ್ಕೆಯಾದವರು ಶಾಲೆ ಸೇರುವಾಗ 2023 ಮುಗಿಯುತ್ತ ಬಂದಿತ್ತು. ಕೆಲಸ ಬಿಟ್ಟು ಬಂದವರು ಇಷ್ಟು ದಿನ ಮನೆ ನಡೆಸುವುದು ಹೇಗೆ? ವಯೋಮಿತಿಯ ಗಡಿಯಾರ ಬೇರೆ ಓಡುತ್ತಿರುತ್ತದೆ. ಸಾಮಾನ್ಯ ವರ್ಗದವರಿಗೆ ಅದು ನಲವತ್ತರ ಆಚೀಚೆಗೆ ನಿಂತುಹೋಗುತ್ತದೆ, ಮೀಸಲು ವರ್ಗಗಳಿಗೆ ಇನ್ನು ಕೆಲವು ವರ್ಷ. ನೇಮಕಾತಿ ಐದು ವರ್ಷಕ್ಕೊಮ್ಮೆ ಬಂದರೆ, ಮೂವತ್ತೆಂಟರಲ್ಲಿ ಬಿ.ಎಡ್. ಮುಗಿಸಿದವರಿಗೆ ಸಿಗುವುದು ಒಂದು ಅವಕಾಶ, ಕೆಲವೊಮ್ಮೆ ಅದೂ ಇಲ್ಲ. ಹಳೆಯ ಕೆಲಸದ ಅನುಭವಕ್ಕೆ ಎಲ್ಲಿಯೂ ಒಂದಂಕವಿಲ್ಲ. ಪದವಿಯ ಶೇಕಡಾ ಅಂಕಕ್ಕೆ ತೂಕವಿದೆ, ಅಂದರೆ ಇಪ್ಪತ್ತು ವರ್ಷದವರಿದ್ದಾಗ ಓದಿದ್ದು ಎಷ್ಟು ಎಂಬುದಕ್ಕೆ ಬೆಲೆ, ಅಲ್ಲಿಂದೀಚೆಗೆ ಕಲಿತದ್ದಕ್ಕೆ ಇಲ್ಲ.

ಒಳಗೆ ಹೋದಮೇಲೆ ಸಂಬಳ ಒಳ್ಳೆಯದೇ. 2024ರ ಆಗಸ್ಟ್‌ನಿಂದ ಜಾರಿಯಾದ 7ನೇ ವೇತನ ಆಯೋಗದ ಪರಿಷ್ಕರಣೆಯ ಬಳಿಕ ಪ್ರಾಥಮಿಕ ಶಾಲಾ ಶಿಕ್ಷಕರ ಆರಂಭದ ಮೂಲ ವೇತನವೇ 40 ಸಾವಿರ ದಾಟುತ್ತದೆ. ಆದರೆ ‘ಪಾಠ ಮಾಡ್ಕೊಂಡು ಇರ್ತೀನಿ’ ಎಂದು ಬಂದವರಿಗೆ ಪಾಠವೇ ಕೈಗೆ ಸಿಗದ ದಿನಗಳಿರುತ್ತವೆ. ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ಮಾಹಿತಿ ತಂತ್ರಾಂಶದ ಎಂಟ್ರಿ, ಬಿಸಿಯೂಟದ ಲೆಕ್ಕ, ಹಾಲು–ಮೊಟ್ಟೆಯ ಲೆಕ್ಕ, ಮತದಾರರ ಪಟ್ಟಿ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ತಿರುಗಿದರು, ಕೆಲಸ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು.

ಸಡಿಲ ಬಾಗಿಲು

ಶಿಕ್ಷಣ ಹಕ್ಕು ಕಾಯ್ದೆಯ ಅರ್ಹತೆ ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ. ಕಾಗದದಲ್ಲಿ ಮಾತ್ರ. ತರಬೇತಿ ಇಲ್ಲದ ಶಿಕ್ಷಕರು ಅರ್ಹತೆ ಪಡೆಯಲು ಕಾಯ್ದೆ ಕೊಟ್ಟಿದ್ದ ಗಡುವು ಮುಗಿದರೂ ಕೆಲಸವಾಗಲಿಲ್ಲ, 2017ರಲ್ಲಿ ಕಾಯ್ದೆ ತಿದ್ದಿ 2019ರ ಮಾರ್ಚ್ 31ರವರೆಗೆ ವಿಸ್ತರಿಸಿದರು. ಆಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಡಿ.ಎಲ್.ಎಡ್.ಗೆ ಸೇರಿದವರ ಸಂಖ್ಯೆ ದೇಶದಲ್ಲಿ 13 ಲಕ್ಷ ದಾಟಿತು. ಅಷ್ಟು ಜನ ತರಬೇತಿಯಿಲ್ಲದೆ ಮಕ್ಕಳ ಮುಂದೆ ನಿಂತಿದ್ದರು ಎಂದಾಯಿತು.

ಸಣ್ಣ ಊರಿನ ಕಡಿಮೆ ಫೀಸಿನ ಶಾಲೆಯಲ್ಲಿ ತಿಂಗಳಿಗೆ ಹತ್ತು ಹದಿನೈದು ಸಾವಿರ ಕೊಟ್ಟರೆ ಅದೇ ಹೆಚ್ಚು. ಬೆಂಗಳೂರಿನ ಮಧ್ಯಮ ದರ್ಜೆಯ ಶಾಲೆಗಳಲ್ಲಿ ಇನ್ನೊಂದು ಏರ್ಪಾಡಿದೆ. ಮಗು ಹುಟ್ಟಿದ ಮೇಲೆ ಕಂಪನಿ ಕೆಲಸ ಬಿಟ್ಟ ಎಂಜಿನಿಯರ್ ತಾಯಂದಿರು, ಮಗು ಓದುವ ಶಾಲೆಯಲ್ಲೇ ಟೀಚರ್ ಆಗಿ ಸೇರುತ್ತಾರೆ. ಮಗುವಿನ ಜತೆಗೇ ಹೋಗಿ ಜತೆಗೇ ಬರಬಹುದು, ರಜೆ ಒಂದೇ, ಫೀಸಿನಲ್ಲಿ ರಿಯಾಯಿತಿ. ಸಂಬಳ ಎಷ್ಟು ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಇನ್ನೊಂದು ಸಂಬಳ ಇದೆ. ಶಾಲೆಗೆ ಅರ್ಧ ಬೆಲೆಗೆ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಪದವೀಧರೆ ಸಿಕ್ಕಳು. ನಷ್ಟ ಯಾರಿಗೆಂದರೆ ಇದೇ ಕಸುಬೆಂದು ಬಿ.ಎಡ್. ಮಾಡಿ, ಆ ಸಂಬಳದಲ್ಲೇ ಬಾಡಿಗೆ ಕಟ್ಟಬೇಕಾದವರಿಗೆ. ‘ಅವರು ಇಷ್ಟಕ್ಕೆ ಬರ್ತಾರೆ, ನೀವು ಬರಲ್ವಾ?’ ಎಂಬುದು ಸ್ಟಾಫ್ ರೂಮಿನಲ್ಲಿ ಹಳೆಯ ಮಾತು. ಆ ತಾಯಂದಿರನ್ನು ದೂರಿ ಫಲವಿಲ್ಲ, ಅವರಿಗೂ ಕಂಪನಿಗಳು ಬೇರೆ ದಾರಿ ಬಿಟ್ಟಿರಲಿಲ್ಲ. ಬಾಗಿಲು ಸಡಿಲವಿರುವುದರಿಂದ ಲಾಭ ಆಡಳಿತ ಮಂಡಳಿಯದು ಎಂಬುದಷ್ಟೇ ಇಲ್ಲಿನ ಮಾತು.

ಹಕ್ಕಿನ ದೃಷ್ಟಿಯಿಂದಲೂ ಈ ಕಡೆ ನೆಲ ಗಟ್ಟಿಯಿಲ್ಲ. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯಡಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ, ಹಾಗಾಗಿ ‘ನಾಳೆಯಿಂದ ಬರಬೇಡಿ’ ಎಂದರೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಗ್ರಾಚ್ಯುಟಿ ಮಾತ್ರ ಸಿಗುತ್ತದೆ. 2009ರ ತಿದ್ದುಪಡಿ ಅದನ್ನು 1997ರ ಏಪ್ರಿಲ್ 3ರಿಂದಲೇ ಶಿಕ್ಷಕರಿಗೆ ಅನ್ವಯಿಸಿತು, ಖಾಸಗಿ ಶಾಲೆಗಳ ಒಕ್ಕೂಟ ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಐದು ವರ್ಷ ತುಂಬಿದವರು ಕೇಳಿ ಪಡೆಯಬೇಕು. ಕೇಳಬಹುದೆಂದೇ ಬಹಳ ಮಂದಿಗೆ ಗೊತ್ತಿಲ್ಲ.

ಈಚೆಗೆ ಈ ಬಾಗಿಲನ್ನೂ ಸ್ವಲ್ಪ ಬಿಗಿ ಮಾಡುವ ತೀರ್ಪು ಬಂದಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ 1ರಿಂದ 8ನೇ ತರಗತಿಯ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿತು. ಐದು ವರ್ಷಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಬಡ್ತಿ ಮಾತ್ರ ಸಿಗದು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆ ದೊಡ್ಡ ಪೀಠಕ್ಕೆ ಹೋಗಿದೆ. ಇಪ್ಪತ್ತು ವರ್ಷ ಕಲಿಸಿದವರೂ ಟಿಇಟಿ ಬರೆಯಬೇಕಾದ ಕಾಲದಲ್ಲಿ, ‘ಆಮೇಲೆ ಬರೆದರಾಯಿತು’ ಎಂದು ಹೊಸಬರು ಖಾಸಗಿ ಶಾಲೆ ಸೇರುವುದು ಜಾಣತನವಲ್ಲ.

ಸರ್ಕಾರವೂ ಸಡಿಲ ಬಾಗಿಲೊಂದನ್ನು ಹಿತ್ತಲಲ್ಲಿ ಇಟ್ಟುಕೊಂಡಿದೆ: ಅತಿಥಿ ಶಿಕ್ಷಕರು. ಈಗ ಅವರ ಸಂಖ್ಯೆ ವರ್ಷಕ್ಕೆ 50 ಸಾವಿರದ ಆಸುಪಾಸಿನಲ್ಲಿದೆ. ಗೌರವಧನ ಪ್ರಾಥಮಿಕಕ್ಕೆ 10,000 ರೂಪಾಯಿ ಇದ್ದದ್ದು 2025ರ ಬಜೆಟ್ಟಿನಲ್ಲಿ 2,000 ಏರಿತು. ಬೇಸಿಗೆ ರಜೆಗೆ ಅದೂ ಇಲ್ಲ. ಪಕ್ಕದ ಕೋಣೆಯಲ್ಲಿ ಅದೇ ಪಾಠ ಮಾಡುವ ಕಾಯಂ ಶಿಕ್ಷಕರು ಇದರ ಮೂರು ನಾಲ್ಕು ಪಟ್ಟು ಪಡೆಯುತ್ತಾರೆ. ಖಾಸಗಿಯವರ ಸಂಬಳದ ಬಗ್ಗೆ ಮಾತಾಡಲು ಸರ್ಕಾರಕ್ಕೆ ಬಾಯಿ ಇಲ್ಲದಂತಾಗಿರುವುದು ಇದರಿಂದಲೇ.

ನಡುವಿನ ದಾರಿ ಹೇಗಿರಬಹುದಿತ್ತು

ಇಂಗ್ಲೆಂಡಿನಲ್ಲಿ ಗಣಿತ, ಭೌತವಿಜ್ಞಾನಕ್ಕೆ ಶಿಕ್ಷಕರ ಬರ ಹಳೆಯದು. ಅಲ್ಲಿ ಬೇರೆ ಪದವಿಯವರಿಗೆಂದೇ ‘ವಿಷಯ ಜ್ಞಾನ ಹೆಚ್ಚಳ’ದ ಕೋರ್ಸು ಇದೆ. ಅಭ್ಯರ್ಥಿಯ ವಿಷಯ ಜ್ಞಾನದಲ್ಲಿ ಎಷ್ಟು ಕೊರತೆಯಿದೆ ಎಂದು ನೋಡಿಕೊಂಡು, 8 ವಾರದಿಂದ 28 ವಾರದವರೆಗೆ ಆ ಒಂದು ವಿಷಯ ಓದಿಸಿ, ನಂತರ ಒಂದು ವರ್ಷದ ಶಿಕ್ಷಕ ತರಬೇತಿಗೆ ಕಳಿಸುತ್ತಾರೆ, ಕೊರತೆಯ ವಿಷಯಗಳಿಗೆ ತರಬೇತಿ ಕಾಲದಲ್ಲಿ ಹಣವನ್ನೂ ಕೊಡುತ್ತಾರೆ. ಅಲ್ಲಿಯೂ ಶಿಕ್ಷಕರು ಕೆಲಸ ಬಿಟ್ಟು ಹೋಗುವುದು ನಿಂತಿಲ್ಲ, ಹಾಗಾಗಿ ಅದನ್ನು ಸ್ವರ್ಗವೆಂದು ಹೇಳುತ್ತಿಲ್ಲ. ಆದರೆ ಪದವಿಗೂ ವಿಷಯಕ್ಕೂ ಇರುವ ಅಂತರವನ್ನು ಅಳೆದು ತುಂಬಬಹುದು ಎಂಬ ಯೋಚನೆಯಾದರೂ ಅಲ್ಲಿದೆ. ನಮ್ಮಲ್ಲಿ ಅಂಕಪಟ್ಟಿ ನೋಡಿ ಹೌದು ಅಥವಾ ಇಲ್ಲ ಎನ್ನುತ್ತೇವೆ.

ಇಲ್ಲಿ ಈ ಕೆಲಸವನ್ನು ಚೂರುಪಾರು ಮಾಡುತ್ತಿರುವವರು ಸರ್ಕಾರದ ಹೊರಗಿನವರು. 2009ರಲ್ಲಿ ಶುರುವಾದ ಟೀಚ್ ಫಾರ್ ಇಂಡಿಯಾ ಯಾವ ಪದವಿಯವರನ್ನೂ ಎರಡು ವರ್ಷದ ಫೆಲೋಶಿಪ್‌ಗೆ ತೆಗೆದುಕೊಳ್ಳುತ್ತದೆ, ಬೆಂಗಳೂರಿನಲ್ಲೂ ಇದೆ. ಎರಡು ವರ್ಷವಾದ ಮೇಲೆ ತರಗತಿಯಲ್ಲೇ ಉಳಿಯಬೇಕೆಂದರೆ ಮತ್ತೆ ಬಿ.ಎಡ್. ಸಾಲಿನಲ್ಲೇ ನಿಲ್ಲಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶಿಕ್ಷಣದ ಎಂ.ಎ.ಗೆ ಬೇರೆ ವೃತ್ತಿಯಿಂದ ಬರುವವರು ಅನೇಕರು, ಆದರೆ ಅದು ಬಿ.ಎಡ್.ಗೆ ಬದಲಿಯಲ್ಲ, ಬಹಳಷ್ಟು ಮಂದಿ ಸ್ವಯಂಸೇವಾ ಸಂಸ್ಥೆಗಳ ಕಡೆ ಹೋಗುತ್ತಾರೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಈ ಪ್ರಶ್ನೆಯನ್ನು ಮುಟ್ಟಿದೆ, ಆದರೆ ಒಲವು ಇನ್ನೊಂದು ಕಡೆಗೆ. 2030ರ ಹೊತ್ತಿಗೆ ಶಿಕ್ಷಕರ ಕನಿಷ್ಠ ಅರ್ಹತೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಆಗಬೇಕು ಎಂಬುದು ಅದರ ಗುರಿ, ಅಂದರೆ ಪಿಯುಸಿ ಮುಗಿಸಿದಾಗಲೇ ಮೇಷ್ಟ್ರಾಗಬೇಕೆಂದು ನಿರ್ಧರಿಸಿದವರಿಗೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ನಾಲ್ಕು ವರ್ಷದ ಕೋರ್ಸನ್ನು ದಶಕಗಳಿಂದ ನಡೆಸಿ ಒಳ್ಳೆಯ ಶಿಕ್ಷಕರನ್ನು ಕೊಟ್ಟಿದೆ, ಆ ಮಾದರಿಯ ಬಗ್ಗೆ ತಕರಾರಿಲ್ಲ. ಹದಿನೆಂಟಕ್ಕೆ ಗೊತ್ತಿಲ್ಲದೆ ಮೂವತ್ತೈದಕ್ಕೆ ಗೊತ್ತಾದವರನ್ನು ಏನು ಮಾಡುವುದು? ಅವರಿಗೆ ಆ ನೀತಿ ಉಳಿಸಿರುವುದು ಎರಡು ವರ್ಷದ ಬಿ.ಎಡ್., ಮತ್ತು ನಾಲ್ಕು ವರ್ಷದ ಪದವಿಯೋ ಸ್ನಾತಕೋತ್ತರ ಪದವಿಯೋ ಇದ್ದವರಿಗೆ ಒಂದು ವರ್ಷದ ಬಿ.ಎಡ್. ಈ ಒಂದು ವರ್ಷದ ಕೋರ್ಸು ಎನ್‌ಸಿಟಿಇಯ 2025ರ ಕರಡು ನಿಯಮಗಳಲ್ಲಿ ಸೇರಿದೆ. ಬಿ.ಇ. ನಾಲ್ಕು ವರ್ಷದ್ದಾದ್ದರಿಂದ ಎಂಜಿನಿಯರುಗಳು ಇದರ ಮೇಲೆ ಕಣ್ಣಿಟ್ಟಿದ್ದಾರೆ. ಸಮಯ ಉಳಿಯುವುದೇನೋ ಸರಿ. ಆದರೆ ಒಂದು ವರ್ಷದಲ್ಲಿ ಶಾಲೆಯ ಒಳಗೆ ಕಳೆಯುವ ವಾರಗಳನ್ನು ಕಡಿದರೆ, ಉಳಿದದ್ದು ಹಾಜರಿಯಿಲ್ಲದ ಬಿ.ಎಡ್.ಗೆ ಸರ್ಕಾರಿ ಮೊಹರು ಒತ್ತಿದಂತಾಗುತ್ತದೆ.

ಈಗ ಈ ದಾರಿಗೆ ಇಳಿಯುವವರು ಮಾಡಬೇಕಾದ ಮೊದಲ ಕೆಲಸ ಬಿ.ಎಡ್. ಕಾಲೇಜು ಹುಡುಕುವುದಲ್ಲ. ತಮ್ಮ ಅಂಕಪಟ್ಟಿಗಳನ್ನು ಎದುರಿಗಿಟ್ಟುಕೊಂಡು, ಹಿಂದಿನ ನೇಮಕಾತಿ ಅಧಿಸೂಚನೆಯ ‘ವಿದ್ಯಾರ್ಹತೆ’ ಕಾಲಮ್ಮಿನ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಬೇಕು. ಯಾವ ತರಗತಿ, ಯಾವ ವಿಷಯ, ಸರ್ಕಾರಿಯೋ ಖಾಸಗಿಯೋ ಎಂಬುದು ಆಗ ತಾನಾಗಿ ಕಿರಿದಾಗುತ್ತದೆ. ಸರ್ಕಾರಿ ಹುದ್ದೆಯೇ ಗುರಿಯಾದರೆ ವಯಸ್ಸಿನ ಲೆಕ್ಕ ಹಾಕಿ, ಮುಂದಿನ ಅಧಿಸೂಚನೆ ತಡವಾದರೂ ಮಿತಿಯೊಳಗೆ ಇರುತ್ತೇವೆಯೇ ನೋಡಬೇಕು. ಖಾಸಗಿಯಾದರೆ ಡೆಮೊ ಕ್ಲಾಸಿನ ದಿನವೇ ನೇಮಕಾತಿ ಪತ್ರ, ಪಿಎಫ್, ಬೇಸಿಗೆ ತಿಂಗಳುಗಳ ಸಂಬಳ ಮೂರನ್ನೂ ಕೇಳಬೇಕು, ನೇಮಕಾತಿ ಪತ್ರವನ್ನೇ ಕೊಡದ ಶಾಲೆಗಳು ಕಡಿಮೆಯೇನಿಲ್ಲ. ಬಿ.ಎಡ್.ಗೆ ಸೇರುವುದೇ ಆದರೆ ಇಂಟರ್ನ್‌ಶಿಪ್‌ಗೆ ವಿದ್ಯಾರ್ಥಿಗಳನ್ನು ಯಾವ ಶಾಲೆಗೆ ಕಳಿಸುತ್ತಾರೆ, ಅಲ್ಲಿ ದಿನಕ್ಕೆ ಎಷ್ಟು ಪೀರಿಯಡ್ ಕೊಡುತ್ತಾರೆ ಎಂದು ಕಾಲೇಜಿನವರನ್ನಲ್ಲ, ಕಳೆದ ವರ್ಷ ಅಲ್ಲಿ ಓದಿದವರನ್ನು ಕೇಳಬೇಕು.